ಅರಿಷಿಣ ಹತ್ತಿದ ಗಾಜು

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ಲಕಮನಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸೂಕ್ಷ್ಮದರ್ಶಕ ನಡೆಸಲು ಏನು ಓದಿಕೊಂಡಿರಬೇಕು? ನಾನು ಓದಿದ್ದು ಪಿಯುಸಿ, ಅದರಲ್ಲೂ ಗಣಿತವನ್ನು ಎರಡನೆಯ ಸಲಕ್ಕೆ ದಾಟಿದವನು. ಓದಿನ ಮಾತನ್ನು ನನ್ನ ಹತ್ತಿರ ತೆಗೆಯಬೇಡಿ ಎನ್ನುತ್ತೇನೆ. ಗಾಜು ತೊಳೆಯುವುದು ಹೇಗೆ ಎಂದು ಕೇಳಿದರೆ ಮಾತ್ರ ಒಂದು ತಾಸು ಬಿಡುವುದಿಲ್ಲ. ಬಂದವರು ಪಾಪ, ಗಡಿಯಾರ ನೋಡುತ್ತಾರೆ. ಅದಕ್ಕೇ ಬರೆದಿಟ್ಟರೆ ಒಳ್ಳೆಯದು ಎನಿಸಿತು. ಬೇಕಾದವರು ಓದಲಿ, ಬೇಡವಾದವರು ಚಹಾ ಕುಡಿದು ಹೋಗಲಿ.

ಧಾರವಾಡದ ಒಂದು ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದೆ. ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎಂಬುದನ್ನೆಲ್ಲ ಬರೆಯಲು ಕೂತರೆ ನನಗೇ ನಿದ್ದೆ ಬರುತ್ತದೆ. ಊರು ಗರಗ. ಮನೆಯಲ್ಲಿ ಖಾದಿ ಮಗ್ಗ ಇತ್ತು. ಸಂದರ್ಶನದಲ್ಲಿ ಆಗಿನ ಮುಖ್ಯಸ್ಥರಾದ ದೇಸಾಯಿ ಸರ್, ಮನೆಯಲ್ಲಿ ಏನು ಕೆಲಸ ಬರುತ್ತದೆ ಎಂದು ಕೇಳಿದರು. ನೇಯುವಾಗ ಹರಿದ ಎಳೆ ಹುಡುಕಿ ಗಂಟು ಹಾಕುವುದು ಬರುತ್ತದೆ ಎಂದೆ. ಹಾಗಾದರೆ ಕಣ್ಣೂ ಬೆರಳೂ ಸರಿ ಇರಬೇಕು ಎಂದು ಅವರು ನಕ್ಕು, ಬೇರೇನೂ ಕೇಳದೆ ನನ್ನನ್ನು ತೆಗೆದುಕೊಂಡರು. ಎಳೆ ಗಂಟು ಹಾಕಿದ್ದಕ್ಕೆ ನೌಕರಿ ಸಿಕ್ಕವನು ನಾನೊಬ್ಬನೇ ಇರಬೇಕು.

ಮೊದಲ ಒಂದು ವರ್ಷ ನನ್ನನ್ನು ಯಂತ್ರದ ಹತ್ತಿರವೂ ಬಿಡಲಿಲ್ಲ. ಕವರ್‌ಸ್ಲಿಪ್ ಅಂದರೆ ಉಗುರಿನಷ್ಟು ಅಗಲದ, ಹಾಳೆಯಷ್ಟು ತೆಳುವಾದ ಗಾಜು. ಅದರ ಮೇಲೆ ಜೀವಕೋಶಗಳನ್ನು ಬೆಳೆಸುತ್ತಾರೆ. ಅದನ್ನು ಆಮ್ಲದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಹತ್ತು ಸಲ ಜಾಲಾಡಿಸಿ, ಸ್ಪಿರಿಟ್ ತುಂಬಿದ ಜಾಡಿಯಲ್ಲಿ ಇಡುವುದೇ ನನ್ನ ಕೆಲಸ. ಒಂದು ವಾರ ಆಮ್ಲ ತೀರಿತ್ತು. ನಾನು ಜಾಣತನ ಮಾಡಿ ಮನೆಯಿಂದ ಭಾಂಡೆ ತಿಕ್ಕುವ ಪುಡಿ ತಂದು ತೊಳೆದೆ. ಗಾಜು ಪಳಪಳ ಹೊಳೆಯಿತು. ದೇಸಾಯಿ ಸರ್ ಬಯ್ಯಲಿಲ್ಲ. ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ನನ್ನ ತಲೆಯನ್ನು ಯಂತ್ರದ ಮೇಲೆ ಬಗ್ಗಿಸಿದರು. ಆಕಾಶದ ತುಂಬ ಚಿಕ್ಕೆಗಳು. ಎಷ್ಟು ಚೆಂದ ಎಂದುಕೊಂಡೆ.

“ಛಲೋ ಕಾಣಸ್ತದ ಅಲ್ಲೋ ಈರಣ್ಣ?” ಎಂದರು. “ಇದು ನಮ್ಮ ಜೀವಕೋಶ ಅಲ್ಲ. ನಿಮ್ಮನಿ ಭಾಂಡಿ ಪುಡಿ.”

ಬಯ್ದಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದೆ. ಆವತ್ತಿನಿಂದ ಹೊಳೆಯುವುದೆಲ್ಲ ಸ್ವಚ್ಛವೆಂದು ನಂಬುವುದನ್ನು ಬಿಟ್ಟೆ. ದೇಸಾಯಿ ಸರ್ ಈಗ ಇಲ್ಲ. ಅವರ ಋಣ ಹೇಗೆ ತೀರಿಸಬೇಕೋ ನನಗೆ ಗೊತ್ತಾಗಿಲ್ಲ.

ನಾನು ಸೇರಿದಾಗ ಇದ್ದದ್ದು ಪಾದರಸದ ದೀಪದ ಹಳೆಯ ಯಂತ್ರ. ಕೋಶದಲ್ಲಿ ಸಾವಿರಾರು ಪ್ರೋಟೀನುಗಳು ಕೂಡಿ ಹೊಳೆದರೆ ಒಂದು ಮಬ್ಬು ಮೋಡ ಕಾಣುತ್ತಿತ್ತು. ಒಂದೊಂದು ಅಣುವನ್ನು ಬೇರೆಯಾಗಿ ನೋಡುವ ಯಂತ್ರ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಅದರ ಉಪಾಯ ಇಷ್ಟೇ. ಜೀವಕೋಶಗಳು ಗಾಜಿಗೆ ಹೊಟ್ಟೆ ಹಚ್ಚಿ ಮಲಗಿರುತ್ತವೆ. ಕೆಳಗಿನಿಂದ ಲೇಸರ್ ಬೆಳಕನ್ನು ಬಹಳ ಓರೆಯಾಗಿ ಬಿಡುತ್ತೇವೆ. ಅಷ್ಟು ಓರೆಯಾದಾಗ ಬೆಳಕು ಗಾಜನ್ನು ದಾಟದೆ ತಿರುಗಿ ಹೋಗುತ್ತದೆ. ಗಾಜಿನ ಮೈಗೆ ಹತ್ತಿದಂತೆ ಒಂದು ತೆಳು ಪದರದಷ್ಟು ಮಾತ್ರ ಮೇಲೆ ಸೂಸುತ್ತದೆ. ಆ ಪದರದಲ್ಲಿ ಸಿಗುವುದು ಕೋಶದ ತಳದ ಪೊರೆಯೊಂದೇ. ಬಾಗಿಲ ಸಂದಿಯ ಬೆಳಕಿನಲ್ಲಿ ಹೊಸ್ತಿಲ ಹತ್ತಿರ ನಿಂತವರ ಪಾದ ಮಾತ್ರ ಕಾಣುತ್ತದಲ್ಲ, ಹಾಗೆ. ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಗುರುತು ಕಟ್ಟಿರುತ್ತಾರೆ. ಅದು ಕೋಶದ ಒಳಗೆ ತಿರುಗಾಡುವಾಗ ನಮಗೆ ಕಾಣದು. ಪೊರೆಗೆ ಬಂದು ಕೂತಾಗ ಒಂದು ಚುಕ್ಕೆ, ಎದ್ದು ಹೋದಾಗ ಕತ್ತಲೆ.

ನಮ್ಮವ್ವನನ್ನು ಒಮ್ಮೆ ಗರಗದಿಂದ ಕರೆತಂದು ತೋರಿಸಿದೆ. ಟೇಬಲ್ಲಿನ ತುಂಬ ಹರಡಿದ ಯಂತ್ರವನ್ನೊಮ್ಮೆ ನೋಡಿದಳು, ಪರದೆಯ ಮೇಲಿನ ಚುಕ್ಕೆಯನ್ನೊಮ್ಮೆ ನೋಡಿದಳು. ಸಾಸಿವೆಗಿಂತ ಸಣ್ಣದನ್ನು ನೋಡಲು ಇಷ್ಟು ದೊಡ್ಡ ಸಾಮಾನು ಯಾಕೆ ಬೇಕು ಎಂದು ಕೇಳಿದಳು. ದೇಸಾಯಿ ಸರ್ ಗಟ್ಟಿಯಾಗಿ ನಕ್ಕು, ಸರಕಾರವೂ ಇದನ್ನೇ ಕೇಳುತ್ತದೆ ಎಂದರು. ಆದರೆ ಅವ್ವ ಎದ್ದು ಹೋಗಲಿಲ್ಲ. ಚುಕ್ಕೆ ಬಂದು ಹೋಗುವುದನ್ನು ಬಹಳ ಹೊತ್ತು ನೋಡುತ್ತ ಕೂತಳು. ಇವು ಜೀವ ಇರುವ ಕೋಶಗಳು, ಈಗ, ನೀನು ನೋಡುವಾಗಲೇ ಒಳಗೆ ಇದು ನಡೆಯುತ್ತಿದೆ ಎಂದು ಹೇಳಿದಾಗ ಪರದೆಗೆ ಕೈ ಮುಗಿದಳು. ನಾನು ನೋಡಿದ ಅತಿಥಿಗಳಲ್ಲಿ ಅವಳಷ್ಟು ಸರಿಯಾಗಿ ಆ ಕೆಲಸವನ್ನು ತಿಳಿದುಕೊಂಡವರು ಕಡಿಮೆ.

ನಿವೃತ್ತರಾಗುವ ಮುಂಚೆ ದೇಸಾಯಿ ಸರ್ ಒಂದು ಪಾಠ ಹೇಳಿಕೊಟ್ಟರು. ಕತ್ತಲೆ ಕೋಣೆಯಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು, “ಬೆಳಕು ಬರೂದನ್ನ ಎಲ್ಲಾರೂ ನೋಡ್ತಾರ. ನೀ ಆರೂದನ್ನ ನೋಡು,” ಎಂದರು. ಒಂಟಿ ಅಣು ಎದ್ದು ಹೋದರೂ ಸರಿ, ಅದರ ಗುರುತು ಸುಟ್ಟುಹೋದರೂ ಸರಿ, ಒಂದೇ ಏಟಿಗೆ ಆರುತ್ತದೆ. ಇತ್ತು, ಈಗ ಇಲ್ಲ, ಅಷ್ಟೇ. ಸ್ವಲ್ಪ ಸ್ವಲ್ಪವಾಗಿ ಮಂಕಾದರೆ ಅದು ಒಂದಲ್ಲ, ಹಲವು ಸೇರಿದ ಗಂಟು, ಅಥವಾ ಕಸ. ಈ ಒಂದು ಮಾತನ್ನು ಹೊಸಬರು ಹಿಡಿದುಕೊಂಡರೆ ಉಳಿದದ್ದನ್ನು ಪುಸ್ತಕದಲ್ಲಿ ಓದಿಕೊಳ್ಳಬಹುದು.

ಅವರ ಜಾಗಕ್ಕೆ ಇನಾಮದಾರ ಮ್ಯಾಡಮ್ ಬಂದರು. ಮಾತು ಕಡಿಮೆ, ಶಿಸ್ತು ಜಾಸ್ತಿ. ನಾನು ಅವರಿಗೆ ಹೆದರುತ್ತಿದ್ದೆ, ಈಗ ಹೇಳಲು ಏನು ನಾಚಿಕೆ. ಅವರ ಕಾಲಕ್ಕೆ ಚುಕ್ಕೆಗಳನ್ನು ಕಂಪ್ಯೂಟರೇ ಎಣಿಸತೊಡಗಿತು. ಮೊದಲು ನಾನು ಪರದೆ ನೋಡುತ್ತ ಹಾಳೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿ ಎಣಿಸುತ್ತಿದ್ದೆ. ಒಂದು ಕೋಶಕ್ಕೆ ಅರ್ಧ ದಿನ. ಅದು ನೂರು ಕೋಶಗಳನ್ನು ನಾವು ಊಟ ಮಾಡಿ ಬರುವುದರೊಳಗೆ ಮುಗಿಸುತ್ತಿತ್ತು. ನನಗೆ ಸಂತೋಷವೇ ಆಯಿತು. ಆದರೆ ಒಂದು ನೆನಪಿಡಿ: ಎಣಿಸು ಎಂದರೆ ಯಂತ್ರ ಎಣಿಸುತ್ತದೆ. ಯಾವುದನ್ನು ಎಣಿಸಬಾರದು ಎಂದು ಹೇಳಬೇಕಾದವರು ನಾವು.

ಇನ್ನು ನನ್ನ ಇಡೀ ನೌಕರಿಯ ದೊಡ್ಡ ತಪ್ಪಿನ ಕಥೆ. ಇದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಬಡಾಯಿ ಆಗುತ್ತದೆ.

ಸುಷ್ಮಾ ಹುಬ್ಬಳ್ಳಿಯ ಹುಡುಗಿ, ಮ್ಯಾಡಮ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ಅವಳಪ್ಪನದು ಗೋಕುಲ ರಸ್ತೆಯಲ್ಲಿ ಲೇಥ್ ವರ್ಕ್‌ಶಾಪ್. ಕೋಶಗಳ ಬಟ್ಟಲು ಯಂತ್ರದ ಮೇಲೆ ಅಲುಗಾಡದಂತೆ ಕೂಡಿಸುವ ಹಿತ್ತಾಳೆ ಬಳೆಯನ್ನು ನಮಗೆ ಕೊರೆದುಕೊಟ್ಟವರು ಅವರೇ. ಮಗಳೂ ಅಪ್ಪನ ಹಾಗೆ, ಕೂದಲೆಳೆ ಹೆಚ್ಚುಕಡಿಮೆಯಾದರೂ ಒಪ್ಪುವವಳಲ್ಲ. ನನ್ನನ್ನು ಈರಣ್ಣ ಕಾಕಾ ಎನ್ನುತ್ತಿದ್ದಳು. ಗಾಜು ಮಾತ್ರ ನಾನು ತೊಳೆದದ್ದೇ ಆಗಬೇಕು ಅವಳಿಗೆ. ಬೇರೆಯವರು ತೊಳೆದದ್ದು ಕೊಟ್ಟರೆ ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಇಡುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ.

ಅವಳ ಪ್ರೋಟೀನು ಸಂದೇಶ ಬಂದಾಗ ಪೊರೆಗೆ ಬಂದು ಅರೆಗಳಿಗೆ ಕೂತು ಎದ್ದು ಹೋಗುವಂಥದ್ದು. ಅದು ತನ್ನ ಯಾವ ಭಾಗದಿಂದ ಪೊರೆಯನ್ನು ಹಿಡಿಯುತ್ತದೆ ಎಂಬುದೇ ಅವಳ ಪ್ರಶ್ನೆ. ಒಂದು ಭಾಗವನ್ನು ಬದಲಾಯಿಸಿ ಹೊಸ ಪ್ರೋಟೀನು ತಯಾರಿಸಿದ್ದಳು. ಪೊರೆಯನ್ನು ಹಿಡಿಯುವ ಹಿಡಿಕೆ ಆ ಭಾಗದಲ್ಲೇ ಇದ್ದರೆ ಬದಲಾದದ್ದು ಪೊರೆಗೆ ಕೂಡುವುದಿಲ್ಲ, ಪರದೆ ಕತ್ತಲೆಯಾಗಿಯೇ ಇರುತ್ತದೆ. ಮೂಲ ಪ್ರೋಟೀನಿನ ಚಿತ್ರಗಳನ್ನೂ ಏನೂ ಸೇರಿಸದ ಬರಿ ಕೋಶಗಳ ಚಿತ್ರಗಳನ್ನೂ ದಸರೆಯ ಮುಂಚೆಯೇ ತೆಗೆದು ಮುಗಿಸಿದ್ದೆವು. ಬದಲಾದದ್ದು ಮಾತ್ರ ಹಬ್ಬದ ಮೇಲೆ ಎಂದು ಉಳಿಯಿತು. ಆ ಚಳಿಗಾಲದೊಳಗೆ ಪ್ರಬಂಧ ಸಲ್ಲಿಸಿದರೆ ಒಂದು ಕಾಲೇಜಿನ ಪ್ರಾಧ್ಯಾಪಕ ಹುದ್ದೆಗೆ ಅವಳು ಅರ್ಜಿ ಹಾಕಬಹುದಿತ್ತು. ಅಂಥ ಜಾಗ ನಮ್ಮ ಕಡೆ ಎಷ್ಟು ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ ಎಂಬುದು ಓದುವವರಿಗೆ ಗೊತ್ತಿದ್ದದ್ದೇ.

ಖಂಡೇಪೂಜೆ, ಅಂದರೆ ಆಯುಧ ಪೂಜೆ, ನಮ್ಮ ಮನೆಯಲ್ಲಿ ಬಹಳ ಕಟ್ಟುನಿಟ್ಟು. ಮಗ್ಗಕ್ಕೆ ಮಾತ್ರ ಮಾಡಿದರೆ ಸಾಲದು. ಲಾಳಿ, ಕತ್ತರಿ, ಎಣ್ಣೆ ಕುಡಿಕೆ, ಅನ್ನ ಕೊಡುವ ಸಾಮಾನು ಒಂದನ್ನೂ ಬಿಡುವಂತಿಲ್ಲ. ಪ್ರಯೋಗಾಲಯದಲ್ಲೂ ಪ್ರತಿ ವರ್ಷ ಮ್ಯಾಡಮ್ ಅಪ್ಪಣೆ ಪಡೆದು, ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಅದರ ಮೇಲೆ ಅರಿಷಿಣ ಕುಂಕುಮ ಹಚ್ಚುತ್ತಿದ್ದೆ. ಆ ವರ್ಷ ಗಾಜು ಎತ್ತುವ ಚಿಮಟಾ ಕಣ್ಣಿಗೆ ಬಿತ್ತು. ಇಷ್ಟು ವರ್ಷ ನನ್ನ ಕೈಯಲ್ಲಿ ದುಡಿದದ್ದು ಇದೇ, ಇದನ್ನೇ ಬಿಟ್ಟೆನಲ್ಲ ಎಂದು ಅದರ ಬಾಲಕ್ಕೂ ಒಂದು ಬೊಟ್ಟು ಇಟ್ಟೆ. ಹಬ್ಬ ಮುಗಿದು ಬಂದ ದಿನ ಚಿಮಟಾವನ್ನು ಇಡಿಯಾಗಿ ಸ್ಪಿರಿಟ್ ಜಾಡಿಯಲ್ಲಿ ಅದ್ದಿ, ಅಲ್ಲಾಡಿಸಿ, ಒರೆಸಿದೆ. ಲಕಲಕ ಆಯಿತು. ಅದು ನಾನು ತೊಳೆದ ಗಾಜುಗಳನ್ನು ಇಟ್ಟಿದ್ದ ಜಾಡಿಯೇ.

ಹದಿನೈದು ದಿನ ಸುಷ್ಮಾ ಆ ಗಾಜುಗಳ ಮೇಲೆ ಕೋಶ ಬೆಳೆಸಿ, ಬದಲಾದ ಪ್ರೋಟೀನಿನ ಚಿತ್ರ ತೆಗೆದಳು. ಪರದೆಯ ತುಂಬ ಚುಕ್ಕೆ. ಕೂಡಬಾರದ ಪ್ರೋಟೀನು ಕೂತಿದೆ, ಅದೂ ಮೂಲದ್ದಕ್ಕಿಂತ ಹೆಚ್ಚು ಹೊತ್ತು. ಕಂಪ್ಯೂಟರು ಎಣಿಸಿ ಕೊಟ್ಟಿತು. ಮ್ಯಾಡಮ್ ಮುಖದಲ್ಲಿ ನಗು ಕಂಡದ್ದು ನಾನು ಅದೇ ಮೊದಲು. ಇದು ಯಾರೂ ನಿರೀಕ್ಷಿಸಿರದ ಹೊಸ ಸಂಗತಿ ಎಂದು ಅವರೇ ಕೂತು ಲೇಖನ ಬರೆಯಲು ಶುರುಮಾಡಿದರು. ಸುಷ್ಮಾ ಮಿಶ್ರಾ ಪೇಢೆ ತಂದು ಹಂಚಿದಳು. ನಾನೂ ಎರಡು ತಿಂದೆ.

ಲೇಖನಕ್ಕೆ ಚೆಂದದ ಹತ್ತು ಕೋಶಗಳನ್ನು ಆರಿಸಿ ಕೊಡಿ ಎಂದು ಮ್ಯಾಡಮ್ ನನಗೆ ಹೇಳಿದರು. ಬೆಳಗ್ಗೆ ಕತ್ತಲೆ ಕೋಣೆಯಲ್ಲಿ ಕೂತು ಒಂದೊಂದೇ ದೃಶ್ಯ ಓಡಿಸಿದೆ. ನಾಲ್ಕನೆಯದನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಓಡಿಸಿದೆ. ಚುಕ್ಕೆಗಳು ಆರುತ್ತಿಲ್ಲ, ಮಂಕಾಗುತ್ತಿವೆ. ನಿಧಾನವಾಗಿ, ಎಣ್ಣೆ ತೀರಿದ ದೀಪದ ಹಾಗೆ. ಮತ್ತೊಂದು ಓಡಿಸಿದೆ, ಅದೇ. ಕೋಶಗಳ ನಡುವಿನ ಖಾಲಿ ಗಾಜಿನ ಮೇಲೂ ಅಲ್ಲಲ್ಲಿ ಚುಕ್ಕೆ ಇದ್ದವು. ಜಾಡಿಯಿಂದ ಒಂದು ಗಾಜು ತೆಗೆದು, ಕೋಶವಿಲ್ಲದೆ ಬರಿದೇ ಯಂತ್ರಕ್ಕೆ ಹಚ್ಚಿದೆ. ಚುಕ್ಕೆ ಕಂಡವು. ಹಬ್ಬದ ಮುಂಚೆ ಒಣಗಿಸಿ ಡಬ್ಬಿಯಲ್ಲಿಟ್ಟ ಗಾಜು ಹಚ್ಚಿದೆ. ಕತ್ತಲೆ. ಚಿಮಟಾ ಎತ್ತಿ ನೋಡಿದರೆ ಬಾಲದ ಬೆಸುಗೆಯ ಸಂದಿಯಲ್ಲಿ ಒಂದು ಹಳದಿ ಗೀಟು. ಅದಕ್ಕೆ ನೀಲಿ ಬೆಳಕು ಹಿಡಿದೆ. ಹಸಿರಾಗಿ ಉರಿಯಿತು.

ಅರಿಷಿಣ ನೀರಿಗೆ ಕರಗದು, ಸ್ಪಿರಿಟಿಗೆ ಕರಗುತ್ತದೆ. ಜಿಡ್ಡಿಗೆ ಹತ್ತುತ್ತದೆ, ಕೋಶದ ಪೊರೆಯೂ ಜಿಡ್ಡೇ. ಅಡಿಗೆ ಮಾಡುವ ಯಾರಿಗಾದರೂ ಇದು ಗೊತ್ತು. ಸೀರೆಗೆ ಹತ್ತಿದ ಅರಿಷಿಣ ಹೋಗದು ಎಂದು ನನ್ನ ಹೆಂಡತಿ ನೂರು ಸಲ ಹೇಳಿದ್ದಾಳೆ. ನನಗೆ ಮಾತ್ರ ಹೊಳೆಯಲಿಲ್ಲ.

ಈಗ ಒಂದು ನಾಚಿಕೆಯ ಮಾತು. ನಾನು ಆಗಲೇ ಎದ್ದು ಹೋಗಿ ಹೇಳಲಿಲ್ಲ. ಎರಡು ದಿನ ಸುಮ್ಮನಿದ್ದೆ. ಚಿಮಟಾ ಇನ್ನೊಮ್ಮೆ ತೊಳೆದು ಜಾಡಿ ಚೆಲ್ಲಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ ಎಂದು ಮನಸ್ಸು ಹೇಳಿತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಈರಣ್ಣನ ಗಾಜು ಎಂದರೆ ಗಾಜು ಎಂಬ ಮಾತು ಹೋಗುತ್ತದಲ್ಲ ಎಂಬ ಸಂಕಟ. ಮೇಲಾಗಿ ಹುಡುಗಿಯ ಹುದ್ದೆ. ಬಾಯಿ ಮುಚ್ಚಿಕೊಂಡರೆ ಅವಳಿಗೂ ಉಪಕಾರವೇ ಎಂದು ನನ್ನನ್ನು ನಾನೇ ಒಪ್ಪಿಸಿಕೊಳ್ಳುತ್ತಿದ್ದೆ. ಆದರೆ ಆ ಲೇಖನವನ್ನು ನಂಬಿ ಎಲ್ಲೋ ಇನ್ನೊಬ್ಬ ಹುಡುಗಿ ತನ್ನ ನಾಲ್ಕು ವರ್ಷ ಹಾಕುತ್ತಾಳೆ, ಆಮೇಲೆ ಸುಷ್ಮಾಳ ಹೆಸರಿಗೇ ಮಸಿ ಎಂಬುದು ಹೊಳೆದ ಮೇಲೆ ಊಟ ಸೇರಲಿಲ್ಲ. ಮೂರನೆಯ ದಿನ ಮ್ಯಾಡಮ್ ಕೋಣೆಗೆ ಹೋದೆ. ಸುಷ್ಮಾಳೂ ಅಲ್ಲೇ ಕೂತು ಲೇಖನ ತಿದ್ದುತ್ತಿದ್ದಳು.

“ಮ್ಯಾಡಮ್, ಆ ಚುಕ್ಕಿ ನಮ್ಮ ಪ್ರೋಟೀನ್ ಅಲ್ಲರಿ,” ಎಂದೆ. “ಖಂಡೇಪೂಜಿಗೆ ನಾ ಹಚ್ಚಿದ ಅರಿಷಿಣ ಐತ್ರಿ.”

ನಡೆದದ್ದನ್ನೆಲ್ಲ ಹೇಳಿದೆ, ಎರಡು ದಿನ ಮುಚ್ಚಿಟ್ಟದ್ದನ್ನೂ. ಮ್ಯಾಡಮ್ ನಮ್ಮಿಬ್ಬರನ್ನೂ ಕರೆದುಕೊಂಡು ಯಂತ್ರದ ಹತ್ತಿರ ಹೋದರು. ಬರಿ ಗಾಜು ಹಚ್ಚಿಸಿದರು, ತಾವೇ ನೋಡಿದರು. ಕೆಲಸ ಹೋಯಿತು ಎಂದೇ ತಿಳಿದೆ. ಆಮೇಲೆ ಅವರು, “ಪೂಜಾ ಮಾಡ್ರಿ ಅಂತ ಅಪ್ಪಣಿ ಕೊಟ್ಟಾಕಿ ನಾನು. ಬರಿ ಗಾಜು ಹಚ್ಚಿ ನೋಡ್ರಿ ಅಂತ ಹೇಳಬೇಕಾದಾಕಿನೂ ನಾನು. ತಪ್ಪಿನ್ಯಾಗ ನಂದೂ ಪಾಲು ಅದ,” ಎಂದರು. ಲೇಖನವನ್ನು ಅಲ್ಲೇ ನಿಲ್ಲಿಸಿದರು. ಅಷ್ಟು ವರ್ಷ ಅವರಿಗೆ ಹೆದರಿದ್ದಕ್ಕೆ ನನಗೆ ಆವತ್ತು ನಾಚಿಕೆಯಾಯಿತು. ಮೇಲಿನವರು ತಪ್ಪನ್ನು ಕೆಳಗೆ ತಳ್ಳುವುದನ್ನು ಎಷ್ಟೋ ಕಡೆ ಕೇಳಿದ್ದೇನೆ. ನಮ್ಮ ಮ್ಯಾಡಮ್ ಅರ್ಧ ಭಾರ ತಾವೇ ಎತ್ತಿಕೊಂಡರು. ಅವರು ನೂರು ವರ್ಷ ಬಾಳಲಿ.

ಸುಷ್ಮಾ ಕತ್ತಲೆ ಕೋಣೆಯಿಂದ ಹೊರಗೆ ಹೋದಳು. ಅರ್ಜಿಯ ದಿನ ಬಂತು, ದಾಟಿಹೋಯಿತು. ಹುದ್ದೆ ಬೇರೆ ಯಾರಿಗೋ ಹೋಯಿತು. ಅವಳು ನನ್ನನ್ನು ಬಯ್ಯಲಿಲ್ಲ, ಯಾರ ಹತ್ತಿರವೂ ದೂರಲಿಲ್ಲ. ಕಾಕಾ ಎನ್ನುವುದನ್ನೂ ಬಿಟ್ಟಳು. ಹೊಸ ಗಾಜಿನ ಡಬ್ಬಿ ಒಡೆದು, ಆಮ್ಲ ಸುರಿದು, ತಾನೇ ತೊಳೆಯಲು ನಿಂತಳು. ಮೊಟ್ಟಮೊದಲು ಬರಿ ಗಾಜು ಹಚ್ಚಿ ನೋಡದೆ ಮುಂದಿನ ಕೆಲಸಕ್ಕೆ ಹೋಗುತ್ತಿರಲಿಲ್ಲ. ಅವಳು ಮಾಡಿದ್ದು ಸರಿಯೇ. ಆದರೂ ನಳದ ಹತ್ತಿರ ಅವಳು ಬೆನ್ನು ಮಾಡಿ ನಿಂತಿರುವುದನ್ನು ನೋಡಿದಾಗೆಲ್ಲ ನನ್ನ ಕೈಗಳು ಯಾತಕ್ಕೂ ಬಾರದವು ಎನಿಸುತ್ತಿತ್ತು. ಎರಡು ತಿಂಗಳು ಹಾಗೇ ಕಳೆದೆ.

ಮತ್ತೆ ಎಲ್ಲ ಸಿದ್ಧವಾದಾಗ ಮ್ಯಾಡಮ್ ಒಂದು ಹೊಸ ಪದ್ಧತಿ ತಂದರು. ಆರು ಬಟ್ಟಲಿಗೆ ತಾವೇ ಸಂಖ್ಯೆ ಬರೆದರು. ಯಾವುದರಲ್ಲಿ ಮೂಲ ಪ್ರೋಟೀನು, ಯಾವುದರಲ್ಲಿ ಬದಲಾದದ್ದು ಎಂಬುದು ಅವರ ಕೈಯಲ್ಲಿದ್ದ ಮಡಿಸಿದ ಚೀಟಿಗೆ ಮಾತ್ರ ಗೊತ್ತು. ಕಂಪ್ಯೂಟರು ಎಣಿಸಲಿ, ಆದರೆ ಪ್ರತಿ ಚುಕ್ಕೆ ಹೇಗೆ ಆರುತ್ತದೆ ಎಂದು ಒಬ್ಬರು ಕಣ್ಣಿನಿಂದ ನೋಡಿ ಹೇಳಬೇಕು. ಯಾರು ನೋಡುತ್ತೀರಿ ಎಂದು ಕೇಳಿದರು. ಸುಷ್ಮಾ ನನ್ನ ಹೆಸರು ಹೇಳಿದಳು. ನಾನು ಅವಳ ಮುಖ ನೋಡಿದೆ.

“ನನಗಿನ್ನೂ ಸಿಟ್ಟ ಐತ್ರಿ ಕಾಕಾ,” ಎಂದಳು. “ಆದ್ರ ನೀವು ಇಲ್ಲ ಅಂದ್ರ ಇಲ್ಲ ಅಂತ ನಂಬತೇನಿ.”

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕಿದ ದೊಡ್ಡ ಪದವಿ ಅದು. ಆದರೆ ಭಯವೂ ಅಷ್ಟೇ ಇತ್ತು. ಎಲ್ಲ ಬಟ್ಟಲಿನಲ್ಲೂ ಅಷ್ಟಿಷ್ಟು ಚುಕ್ಕೆ ಕಂಡರೆ ಅವಳ ಪ್ರಶ್ನೆಗೆ ಉತ್ತರವೇ ಇಲ್ಲ, ಹುದ್ದೆಯ ಹಿಂದೆ ಪ್ರಬಂಧವೂ ಹೋಗುತ್ತದೆ.

ಒಂದನೆಯ ಬಟ್ಟಲು ಹಚ್ಚಿದೆ. ಹತ್ತು ಕೋಶ ನೋಡಿದೆ. ಏನೂ ಇಲ್ಲ ಎಂದೆ. ಪಕ್ಕದಲ್ಲಿ ಕೂತ ಸುಷ್ಮಾ ಬರೆದುಕೊಂಡಳು. ಎರಡನೆಯದರಲ್ಲಿ ಚುಕ್ಕೆ ಬಂದವು, ಒಂದೊಂದೂ ಒಂದೇ ಏಟಿಗೆ ಆರಿತು. ಮೂರನೆಯದೂ ಹಾಗೆಯೇ. ನಾಲ್ಕನೆಯದರಲ್ಲಿ ಏನೂ ಇಲ್ಲ. ಐದರಲ್ಲಿ ಮತ್ತೆ ಚುಕ್ಕೆ. ಆರನೆಯದನ್ನು ಮಾತ್ರ ಎರಡು ಸಲ ನೋಡಿದೆ, ಕಣ್ಣು ಒರೆಸಿಕೊಂಡು ಮೂರನೆಯ ಸಲವೂ ನೋಡಿದೆ.

“ಖರೇನ ಏನೂ ಇಲ್ಲೇನ್ರಿ?” ಎಂದು ಸುಷ್ಮಾ ಕೇಳಿದಳು.

“ಖರೇನ ಏನೂ ಇಲ್ಲವ್ವಾ.”

ಮ್ಯಾಡಮ್ ದೀಪ ಹಾಕಿ ಚೀಟಿ ಬಿಡಿಸಿದರು. ಬದಲಾದ ಪ್ರೋಟೀನು ಒಂದು, ನಾಲ್ಕು, ಆರು. ಹಿಡಿಕೆ ಅವಳು ಬದಲಾಯಿಸಿದ ಭಾಗದಲ್ಲೇ ಇತ್ತು. ನಾಲ್ಕು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಆ ಕತ್ತಲೆಯೇ. ಸುಷ್ಮಾ ಚೀಟಿಯನ್ನು ತಾನೊಮ್ಮೆ ಓದಿ, ಮಡಿಸಿ, ತನ್ನ ಟಿಪ್ಪಣಿ ವಹಿಯಲ್ಲಿ ಇಟ್ಟುಕೊಂಡಳು. ಒಂದು ಸಲ ಕಂಡರೆ ಸಾಲದು, ನಾಳೆ ಹೊಸ ಗಾಜು, ಹೊಸ ಕೋಶದ ಮೇಲೆ ಇನ್ನೊಮ್ಮೆ ಆಗಬೇಕು ಎಂದು ಮ್ಯಾಡಮ್ ಹೇಳಿ ಹೋದರು. ಸುಷ್ಮಾ ಬಟ್ಟಲುಗಳನ್ನು ಜೋಡಿಸಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

“ನಾಳಿನ ಗಾಜು ನೀವ ತೊಳೀರಿ ಕಾಕಾ,” ಎಂದಳು.

ಅಂಗಿಯ ತೋಳು ಮಡಿಸಿಕೊಂಡು ನಳದ ಹತ್ತಿರ ಹೋದೆ. ಗಾಜು ಮುಟ್ಟುವ ಮುಂಚೆ ಮೊಣಕೈಯವರೆಗೆ ಕೈ ತೊಳೆಯತೊಡಗಿದೆ.